ಐದು ಗುಬ್ಬಿಗಳಲ್ಲಿ ಎರಡು ಹಾರಿಹೋದರೆ

ಸಹೃದಯರೂ ಸಾವಕಾಶವುಳ್ಳವರೂ ಆದ ಓದುಗ ಮಹಾಶಯರ ಸನ್ನಿಧಾನಕ್ಕೆ, ಅಗ್ಗದ ಕಾದಂಬರಿಗಳನ್ನೇ ಗುರುವಾಗಿ ಪಡೆದ, ಸ್ವಂತದ್ದೆಂಬ ವಿಳಾಸವಿಲ್ಲದ ಈ ಅಲೆಮಾರಿಯು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ತಾವು ಇದನ್ನು ಶೇಂಗಾ ತಿನ್ನುತ್ತ ಓದುತ್ತಿದ್ದಲ್ಲಿ, ಪೊಟ್ಟಣದ ಕಾಗದವನ್ನು ದಯಮಾಡಿ ಬಿಸಾಡಬೇಡಿ. ಕಾರಣವನ್ನು ಈಗಲೇ ತಿಳಿಸಿದರೆ ಕಥೆ ಕೆಡುತ್ತದೆ. ಕಥೆ ಕೆಟ್ಟರೆ ಏನಾಗುತ್ತದೆಂಬುದನ್ನು ನಾನು ಇಪ್ಪತ್ತೆರಡು ಮಕ್ಕಳ ಎದುರಿಗೆ ನಿಂತು ಅನುಭವಿಸಿದವನು.

ಯಾವ ಊರಿನಲ್ಲಿಯೂ ನಾನು ಒಂಬತ್ತು ದಿನಗಳಿಗಿಂತ ಹೆಚ್ಚು ನಿಂತವನಲ್ಲ. ಹತ್ತನೆಯ ದಿನ ಅಂಗಾಲು ತುರಿಸಲಾರಂಭಿಸುತ್ತದೆ. ಆ ಊರಿನಲ್ಲಂತೂ ಒಂದು ಲೋಟ ಚಹಾದಷ್ಟು ಹೊತ್ತು ನಿಲ್ಲುವುದು ಮಾತ್ರ ನನ್ನ ಉದ್ದೇಶವಾಗಿತ್ತು. ಬಸ್ಸಿನಿಂದ ಇಳಿದು, ಊರ ಅಗಸಿಯ ಬಾಗಿಲಿಗೆ ಒತ್ತಿಕೊಂಡಿದ್ದ ಕಾಶೀಮಸಾಬರ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತೆ. ಬಸ್ಸು ನನ್ನನ್ನು ಬಿಟ್ಟು ಹೋಯಿತು. ಮುಂದಿನದು ಬೆಳಿಗ್ಗೆಯೆಂದು ತಿಳಿದು, ಚೀಲದೊಳಗಿನ ಐದು ಕಾದಂಬರಿಗಳಲ್ಲಿ ಒಂದನ್ನು ತೆಗೆದು ಓದತೊಡಗಿದೆ. ದೀಪ ಹಚ್ಚುವ ಹೊತ್ತಿಗೆ ಪುಟ್ಟ ಮಕ್ಕಳ ದಂಡೊಂದು ಗದ್ದಲವೆಬ್ಬಿಸುತ್ತ ಬಂದಿತು. ಅಗಸಿಯ ಗೋಡೆಯಲ್ಲಿ ಒಂದು ಕರಿಹಲಗೆಯಿತ್ತು. ಅದರ ಮೇಲೆ ೪೮೦೯ ಎಂದು ಬರೆದಿತ್ತು. ಮುಂದಿನ ಹಲ್ಲು ಬಿದ್ದಿದ್ದ ಆರು ವರ್ಷದ ಹುಡುಗಿಯೊಬ್ಬಳು ಸುಣ್ಣದ ಕಡ್ಡಿ ಹಿಡಿದು ಕಟ್ಟೆ ಹತ್ತಿ, ದೊಡ್ಡ ಅಧಿಕಾರಿಣಿಯ ದನಿಯಲ್ಲಿ ಕೇಳಿದಳು:

"ಇವತ್ತ ಯಾರ್ ಹೊಸದಾಗಿ ಬಂದಾರ?"

"ಇವ್ರು ಒಬ್ಬರು ನೋಡವ್ವ, ದ್ಯಾಮವ್ವ," ಎಂದು ಕಾಶೀಮಸಾಬರು ಚಹಾ ಸೋಸುವ ಜರಡಿಯಿಂದ ನನ್ನನ್ನು ತೋರಿಸಿದರು.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಬ್ಬನೇ ಇರುವುದನ್ನು ಖಚಿತಪಡಿಸಿಕೊಂಡು, ಹಲಗೆಯನ್ನು ಒರೆಸಿ ೪೮೧೦ ಎಂದು ಬರೆದಳು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಸಂತೋಷವಾಯಿತು, ನನ್ನ ಬರುವಿಕೆಯನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡದ್ದು ಜೀವನದಲ್ಲಿ ಅದೇ ಮೊದಲು.

ಮರುದಿನ ಬೆಳಗಿನ ಬಸ್ಸು ಹಿಡಿದು ಹೊರಟೆ. ನಾಲ್ಕು ಊರುಗಳನ್ನು ದಾಟಿ ಒಂದು ಧರ್ಮಶಾಲೆಯಲ್ಲಿ ಮಲಗಿದೆ. ಎದ್ದಾಗ ಕಾಶೀಮಸಾಬರ ಬೆಂಚಿನ ಮೇಲಿದ್ದೆ. ಅವರು ನನ್ನ ಮುಂದೆ ಚಹಾ ಇಟ್ಟು, "ಸಕ್ಕರಿ ಜಾಸ್ತಿ ಹಾಕೀನಿ, ದಣದೀರಿ," ಎಂದರು. ಎರಡನೆಯ ಬಾರಿ ಹೊಲಗಳ ನಡುವೆ ನಡೆದೇ ಹೋದೆ. ಮೂರನೆಯ ಬಾರಿ ಉಳ್ಳಾಗಡ್ಡಿಯ ಮೂಟೆಗಳ ನಡುವೆ ಅಡಗಿ ಲಾರಿಯಲ್ಲಿ ಹೋದೆ. ಉಳ್ಳಾಗಡ್ಡಿ ದೂರದ ಪೇಟೆಯನ್ನು ಸೇರಿತು. ನಾನು ಮಾತ್ರ ಅದರ ವಾಸನೆಯೊಂದಿಗೆ ಬೆಳಗಿನ ಚಹಾದ ಹೊತ್ತಿಗೆ ಅದೇ ಬೆಂಚಿನ ಮೇಲಿದ್ದೆ.

"ಹಲಗಿ ಮ್ಯಾಲೆ ಎಷ್ಟ ಬರದಿರ್ತಾರ, ಚಾದ ಹೊತ್ತಿಗೆ ಅಷ್ಟೂ ಮಂದಿ ಊರಾಗ ಇರಬೇಕ್ರಿ," ಎಂದು ಕಾಶೀಮಸಾಬರು ಹವಾಮಾನದ ಸುದ್ದಿ ಹೇಳುವಂತೆ ಹೇಳಿದರು. "ನಾನು ಬಳಿ ಮಾರಾಕ ಒಂದ ದಿನಕ್ಕ ಬಂದಾಂವ. ಮೂವತ್ತ ವರ್ಷ ಆತು. ಲಗ್ನಾ ಆತು, ಮೊಮ್ಮಕ್ಕಳಾದ್ವು."

"ನಾಲ್ಕು ಸಾವಿರದ ಎಂಟುನೂರು ಜನ ಈ ಊರಿನಲ್ಲಿ ಎಲ್ಲಿದ್ದಾರೆ? ಸಾವಿರವೂ ಕಾಣುವುದಿಲ್ಲವಲ್ಲ!"

"ಸತ್ತಾವ್ರು ಅದರಾಗ ಸೇರ್ಯಾರ್ರಿ. ಎಲ್ಲಿ ಹೋಗ್ಯಾರ ಅವ್ರು? ಮಸಣ ಅಗಸಿ ಒಳಗೇ ಐತಲ್ಲ."

ಪದ್ಧತಿಯೆಂದರೆ ಇಷ್ಟೇ: ದಿನವೂ ಸಂಜೆ ಒಂದನೆಯ ತರಗತಿಯ ಮಕ್ಕಳು ನಿನ್ನಿನ ಸಂಖ್ಯೆಗೆ ಇಂದು ಹುಟ್ಟಿದವರನ್ನೂ ಬಂದವರನ್ನೂ ಕೂಡಿಸಿ ಬರೆಯಬೇಕು. ದೊಡ್ಡವರು ಸುಣ್ಣದ ಕಡ್ಡಿ ಮುಟ್ಟುವಂತಿಲ್ಲ, ಹೇಳಿಕೊಡುವಂತಿಲ್ಲ. ಅವರ ಕೈಗೆ ಕೊಟ್ಟರೆ ತಮ್ಮ ತಮ್ಮ ಮನೆಯ ಅನುಕೂಲ ನೋಡುತ್ತಾರೆ. ಹೀಗಾಗಿ ಆ ಊರಿನ ಹೆಣ್ಣುಮಕ್ಕಳನ್ನು ಯಾವ ಊರಿಗೆ ಮದುವೆ ಮಾಡಿ ಕಳಿಸಿದರೂ ಮರುದಿನ ತವರಿನ ಅಡುಗೆಮನೆಯಲ್ಲಿರುತ್ತಿದ್ದರು. ಒಂದು ವಾರ ಕಾದು ಬೇಸತ್ತ ಅಳಿಯಂದಿರು ತಾವೇ ಹಾಸಿಗೆ ಸುತ್ತಿಕೊಂಡು ಬಂದು ನೆಲೆಸುತ್ತಿದ್ದರು. ಬಂದವರನ್ನು ಮಕ್ಕಳು ಕೂಡಿಸುತ್ತಿದ್ದರು.

"ಹಾಗಾದರೆ ನಾನು ಹೋಗುವುದು ಹೇಗೆ?"

"ಹುಡುಗ್ರು ಒಂದ ಕಮ್ಮಿ ಬರದ್ರ ಹೋಗಬಹುದ್ರಿ. ಆದ್ರ ಕಳಿಯೂ ಲೆಕ್ಕ ಈ ಊರಾಗ ಯಾರಿಗೆ ಬರ್ತೈತಿ?"

ಅದೇ ದಿನ ನಾನು ಶಾಲೆಯ ಮುಖ್ಯೋಪಾಧ್ಯಾಯಿನಿ ನೀಲಗಂಗವ್ವ ಅಕ್ಕೋರ ಮುಂದೆ ನಿಂತು, ಒಂದನೆಯ ತರಗತಿಗೆ ಗಣಿತ ಕಲಿಸಲು ನನ್ನಂತಹ ಯೋಗ್ಯನು ಮತ್ತೊಬ್ಬನಿಲ್ಲವೆಂದು ಪ್ರತಿಪಾದಿಸಿದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಎಲ್ಲಿ ಕಲ್ತೀರಿ?" ಎಂದರು. "ಓದಿ," ಎಂದೆ. "ಏನ್ ಓದಿ?" ಎಂದು ಅವರು ಕೇಳಲಿಲ್ಲ. ಅದು ಅವರ ದೊಡ್ಡತನ.

ಪಠ್ಯಪುಸ್ತಕದ ಮೊದಲರ್ಧದಲ್ಲಿ ಕೂಡಿಸುವ ಚಿತ್ರಗಳು, ಎರಡನೆಯ ಅರ್ಧದಲ್ಲಿ ಕಳೆಯುವ ಚಿತ್ರಗಳು. ಮೊದಲರ್ಧದ ಹಾಳೆಗಳು ಬೆರಳಿನ ಎಣ್ಣೆಯಿಂದ ಕಂದಾಗಿದ್ದವು. ಎರಡನೆಯ ಅರ್ಧ ಅಚ್ಚಿನ ಮನೆಯಿಂದ ಅಂದೇ ಬಂದಂತಿತ್ತು. ಸಾವಿರಗಟ್ಟಲೆ ಸಂಖ್ಯೆಗಳನ್ನು ಮಕ್ಕಳು ಉಸಿರು ಬಿಡುವುದರೊಳಗೆ ಕೂಡಿಸುತ್ತಿದ್ದರು. ನಾನು ಧೈರ್ಯದಿಂದ ಎರಡನೆಯ ಅರ್ಧದ ಮೊದಲ ಚಿತ್ರವನ್ನು ಕರಿಹಲಗೆಯ ಮೇಲೆ ಬಿಡಿಸಿದೆ. ತಂತಿಯ ಮೇಲೆ ಐದು ಗುಬ್ಬಿಗಳು. ಅವುಗಳಲ್ಲಿ ಎರಡು ರೆಕ್ಕೆ ಬಿಚ್ಚಿ ಹೊರಟಿವೆ.

"ಎರಡು ಹಾರಿಹೋದವು. ಉಳಿದವು ಎಷ್ಟು?"

"ಐದ್ರೀ ಸರ್!" ಎಂದವು ಇಪ್ಪತ್ತೆರಡು ಕಂಠಗಳು.

"ಎರಡು ಹೋದವಲ್ಲ?"

"ಎಲ್ಲಿ ಹೋಗ್ತಾವ್ರಿ?" ದ್ಯಾಮವ್ವ ನನ್ನ ಅಜ್ಞಾನಕ್ಕೆ ಮರುಗಿದಳು. "ನಾಳೆ ಚಾದ ಹೊತ್ತಿಗೆ ಬರ್ತಾವ."

ಹಕ್ಕಿಯ ಉದಾಹರಣೆ ಈ ಊರಿಗೆ ತಕ್ಕುದಲ್ಲವೆಂದು ಬಗೆದು ಮುಂದಿನ ಚಿತ್ರಕ್ಕೆ ಹೋದೆ. ತಟ್ಟೆಯಲ್ಲಿ ಏಳು ಉಂಡಿ. ಹುಡುಗನೊಬ್ಬ ಮೂರನ್ನು ತಿಂದ. ತಿಂದ ಉಂಡಿ ಮರಳಿ ಬರಲಾರದಷ್ಟೆ?

"ನಾಕು ತಾಟಿನ್ಯಾಗ, ಮೂರು ಹೊಟ್ಟ್ಯಾಗ. ಏಳ್ರಿ ಸರ್," ಎಂದ ಗುರುಪಾದನೆಂಬ ದುಂಡು ಮುಖದ ಹುಡುಗ. ಹೊಟ್ಟೆಯ ವಿಷಯದಲ್ಲಿ ಅವನು ಅಧಿಕೃತ ವ್ಯಕ್ತಿ.

"ಗಾಳಿ ಊದಿದ ನಾಲ್ಕು ಪುಗ್ಗಗಳಿದ್ದವು. ಒಂದು ಒಡೆಯಿತು."

"ಮೂರು ಛಲೋ ಅದಾವ, ಒಂದ ಹರದೈತಿ. ನಾಕ."

ಕೈಯೆತ್ತಿ ಐದು ಬೆರಳು ತೋರಿಸಿ, ಎರಡನ್ನು ಮಡಚಿದೆ. ದ್ಯಾಮವ್ವ ಎದ್ದು ಬಂದು, ಮಡಚಿದ ಎರಡನ್ನೂ ಒಂದೊಂದಾಗಿ ಬಿಡಿಸಿ, "ಇಲ್ಲೇ ಅದಾವಲ್ರಿ. ಮುಚ್ಚಿಟ್ಟ್ಕೊಂಡಿದ್ರಿ," ಎಂದು ಕಳ್ಳನನ್ನು ಹಿಡಿದವಳಂತೆ ನಕ್ಕಳು. ಕೊನೆಯ ಅಸ್ತ್ರವಾಗಿ ಹಲಗೆಯ ಮೇಲೆ ಆರು ಮಾವಿನ ಹಣ್ಣು ಬರೆದು, ಎರಡನ್ನು ಅಂಗೈಯಿಂದ ಅಳಿಸಿಯೇ ಬಿಟ್ಟೆ. ಗೆದ್ದೆನೆಂದುಕೊಂಡೆ. ಆಗ ಗುರುಪಾದ ಮೆಲ್ಲನೆ, "ಎರಡು ನಿಮ್ಮ ಕೈಗೆ ಹತ್ಯಾವ್ರಿ," ಎಂದ. ಅಂಗೈ ನೋಡಿಕೊಂಡೆ. ಬೆಳ್ಳಗಿತ್ತು.

ಕಿಟಕಿಯ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ನೀಲಗಂಗವ್ವ ಅಕ್ಕೋರು, "ಮಾಸ್ತರ, ಹುಡುಗ್ರು ತಪ್ಪೇನ್ ಹೇಳ್ಯಾವ್ರಿ?" ಎಂದು ಕೇಳಿದರು. ನಾನು ಗಂಟೆ ಬಾರಿಸಲು ಹೋದೆ.

ಹೀಗೆ ನಾಲ್ಕು ತಿಂಗಳು ಕಳೆದವು. ಊರಿನಲ್ಲಿ ಆರು ಕೂಸುಗಳು ಹುಟ್ಟಿದವು. ಹಲಗೆ ೪೮೧೬ಕ್ಕೆ ಏರಿತು. ನನ್ನ ಅಂಗಾಲಿನ ತುರಿಕೆ ಮೊಣಕಾಲಿನವರೆಗೆ ಏರಿತು. ಬಸ್ಸಿನ ತುತ್ತೂರಿ ಕೇಳಿದರೆ ಸಾಕು, ಹಲಗೆಯ ಮೇಲೆ ಬರೆಯುತ್ತಿದ್ದ ಅಂಕಿ ಓರೆಯಾಗುತ್ತಿತ್ತು. ಒಂದು ಊರಿನಲ್ಲಿ ಬೇರು ಬಿಡುವುದು ಕೆಲವರಿಗೆ ಭಾಗ್ಯವಿರಬಹುದು. ನನಗೆ ಅದು ಹೂಳಿಸಿಕೊಂಡಂತೆ. ಅದೂ ಆ ಊರಿನಲ್ಲಿ ಹೂಳಿದವರಿಗೂ ಹಾಜರಿಯುಂಟು.

ಕಡೆಯ ಅವಧಿಯಲ್ಲಿ ಮಕ್ಕಳ ಗದ್ದಲ ಅಡಗಿಸಲು ನಾನು ಚೀಲದ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದೆ. ಅದರ ಹೆಸರು 'ಮಾಯವಾದ ವಜ್ರದ ನಶ್ಯಡಬ್ಬಿ'. ಬಂಗಲೆಯೊಂದರಲ್ಲಿ ಜಮೀನ್ದಾರರ ನಶ್ಯದ ಡಬ್ಬಿ ಕಳವಾಗುತ್ತದೆ. ಅಡುಗೆಯವ, ಮಾಲಿ, ಕಾರಿನ ಡ್ರೈವರು, ಡಾಕ್ಟರು ಮತ್ತು ಸೋದರತ್ತೆ, ಈ ಐವರ ಮೇಲೆ ಸಂಶಯ. ಪರಿವಿಡಿಯಲ್ಲಿ ಹನ್ನೆರಡು ಅಧ್ಯಾಯಗಳಿದ್ದವು. ಹನ್ನೆರಡನೆಯದರ ಹೆಸರು 'ಕಳ್ಳ ಇವನೇ!', ಪುಟ ಎಂಬತ್ತೊಂಬತ್ತು. ಮಕ್ಕಳು ಉಸಿರು ಬಿಗಿಹಿಡಿದು ಹನ್ನೊಂದು ಅಧ್ಯಾಯಗಳನ್ನು ಕೇಳಿದರು. ಎಂಬತ್ತೆಂಟನೆಯ ಪುಟ ಮುಗಿಸಿ ಪುಸ್ತಕ ಮುಚ್ಚಿದೆ.

"ಮುಂದ್ರಿ?"

"ಮುಂದೆ ಇಲ್ಲ. ಹನ್ನೆರಡನೆಯ ಅಧ್ಯಾಯ ಇದರಲ್ಲಿಲ್ಲ."

ನಿಜವನ್ನೇ ಹೇಳಿದೆ. ಶೇಂಗಾ ಮಾರುವವನೊಬ್ಬ ಆ ಪುಸ್ತಕವನ್ನು ಹಿಂದಿನಿಂದ ಹರಿಯುತ್ತ, ಪೊಟ್ಟಣ ಕಟ್ಟುತ್ತ ಬರುತ್ತಿದ್ದಾಗ ನಾನು ಅವನ ಕೈಯಿಂದ ಬಿಡಿಸಿಕೊಂಡಿದ್ದೆ. ಹನ್ನೊಂದು ಸಲ ಓದಿದ್ದರೂ ಕಳ್ಳನಾರೆಂದು ನನಗೇ ಗೊತ್ತಿರಲಿಲ್ಲ.

ಮಕ್ಕಳು ಸ್ವಲ್ಪವೂ ಕಂಗೆಡಲಿಲ್ಲ. "ನಾಳೆ ಚಾದ ಹೊತ್ತಿಗೆ ಬರ್ತೈತಿ," ಎಂದು ಪರಸ್ಪರ ಸಮಾಧಾನ ಹೇಳಿಕೊಂಡು ಮನೆಗೆ ಹೋದರು. ಮರುದಿನ ಶಾಲೆಯ ಬೀಗ ತೆಗೆಯುವ ಮುನ್ನವೇ ಇಪ್ಪತ್ತೆರಡು ಮಂದಿಯೂ ಬಾಗಿಲಲ್ಲಿದ್ದರು. ಪುಸ್ತಕ ತೆರೆದೆ. ಎಂಬತ್ತೆಂಟು, ಅದರ ಮುಂದೆ ರಟ್ಟು. ಎರಡನೆಯ ದಿನವೂ ರಟ್ಟು. ಮೂರನೆಯ ದಿನ ಗುರುಪಾದ ಊಟ ಬಿಟ್ಟನೆಂದು ಅವನ ತಾಯಿ ದೂರು ತಂದಳು. ಆ ಅಧ್ಯಾಯ ಈ ಊರಿನ ಹಲಗೆಯ ಲೆಕ್ಕಕ್ಕೆ ಎಂದೂ ಸೇರಿದ್ದಿಲ್ಲ. ಮರಳಿ ಬರಲು ಅದಕ್ಕೆ ಯಾವ ಬಾಧ್ಯತೆಯೂ ಇರಲಿಲ್ಲ. ನಾನೇ ಒಂದು ಮುಕ್ತಾಯ ಕಟ್ಟಿ, ಡಬ್ಬಿ ಬಾವಿಯಲ್ಲಿ ಸಿಕ್ಕಿತೆಂದು ಹೇಳಿ ನೋಡಿದೆ. "ಬಂಗಲೇದಾಗ ಬಾವಿ ಇದ್ದಿಲ್ರಿ," ಎಂದು ಇಡೀ ತರಗತಿ ತಿರಸ್ಕರಿಸಿತು.

ನಾಲ್ಕನೆಯ ಬೆಳಿಗ್ಗೆ ದ್ಯಾಮವ್ವ ಪುಸ್ತಕದ ಕಡೆಗೆ ತಿರುಗಿಯೂ ನೋಡಲಿಲ್ಲ. ಪಾಟಿ ತೆಗೆದು ಐದು ಗೊಂಬೆಗಳನ್ನು ಬರೆದಳು: ಸೌಟು ಹಿಡಿದವ, ಗುದ್ದಲಿ ಹಿಡಿದವ, ಟೊಪ್ಪಿಗೆಯವ, ಕೊರಳಲ್ಲಿ ನಳಿಗೆಯವ, ತುರುಬಿನವಳು.

"ಅಡಗಿಯಾಂವ ಆವತ್ತ ಜಾತ್ರಿಗೆ ಹೋಗಿದ್ದ," ಎಂದು ಎಂಜಲು ಬೆರಳಿನಿಂದ ಅವನನ್ನು ಒರೆಸಿದಳು. "ಮಾಲಿಗೆ ಮಬ್ಬಿನ್ಯಾಗ ಕಣ್ಣ ಕಾಣಂಗಿಲ್ಲ." ಗುದ್ದಲಿಯವನೂ ಹೋದ. "ಡ್ರೈವರಗ ನಶ್ಯಾ ಏರಿಸಿದ್ರ ಸೀನು ಬರ್ತಾವ, ಯಾಕ ಕದೀತಾನಾಂವ?" ಟೊಪ್ಪಿಗೆಯೂ ಮಾಯವಾಯಿತು. ಪಾಟಿಯನ್ನು ನನ್ನ ಮೂಗಿಗೆ ಹಿಡಿದಳು. "ಇನ್ನ ಇಬ್ಬರ ಅದಾರ ನೋಡ್ರಿ, ಡಾಕ್ಟರು ಮತ್ತ ಅತ್ತಿ."

ಪಾಟಿಯನ್ನು ಮೂಗಿನಿಂದ ಕೊಂಚ ದೂರ ಸರಿಸಿ ಕೇಳಿದೆ: "ಐವರಿದ್ದರಲ್ಲ, ದ್ಯಾಮವ್ವ? ಅಡುಗೆಯವ, ಮಾಲಿ, ಡ್ರೈವರು ಎಲ್ಲಿ?"

"ಎಲ್ಲೆರೆ ಇರ್ಲಿ ಬಿಡ್ರಿ. ಅವ್ರು ನಮಗ ಬೇಕಾಗಿಲ್ಲ ಈಗ."

ಓದುಗ ಮಹಾಶಯರೇ, ಪಂಡಿತರು ಬರೆದ ಗಣಿತಗ್ರಂಥಗಳನ್ನು ನಾನು ಕಂಡವನಲ್ಲ; ಆದರೆ ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ನೇರವಾದ ವಿವರಣೆ ಅವುಗಳಲ್ಲಿ ಇದ್ದೀತೆಂದು ನಂಬಲಾರೆ. ಓಡಿಹೋಗಿ ಕರಿಹಲಗೆಯ ಮೇಲೆ ಐದು ಗುಬ್ಬಿಗಳನ್ನು ಬರೆದೆ. ಎರಡನ್ನು ಹಾರಿಸಿದೆ. "ಮೂರ್ರಿ ಸರ್!" ಎಂದು ಇಪ್ಪತ್ತೆರಡು ಕಂಠಗಳು ಕಿರುಚಿದವು. ಉಂಡಿ ನಾಲ್ಕಾಯಿತು. ಪುಗ್ಗ ಮೂರಾಯಿತು. ಗುರುಪಾದನು ಹೊಟ್ಟೆಯೊಳಗಿನದನ್ನು ಬಿಟ್ಟುಕೊಡಲು ಕೊಂಚ ತಕರಾರು ಮಾಡಿ, ಕೊನೆಗೆ ಒಪ್ಪಿದ.

ಸುದ್ದಿ ಮಧ್ಯಾಹ್ನದೊಳಗೆ ಊರೆಲ್ಲ ಹಬ್ಬಿತು. ಸಂಜೆ ಅಗಸಿಯ ಮುಂದೆ ಜನ ನೆರೆದಿತ್ತು. "ಏನ್ ಕಲಿಸಿಟ್ರಿ ಮಾಸ್ತರ? ನಾಳೆ ನನ್ನ ಮಗಳು ಸಂತಿಗೆ ಹೋದ್ರ ಬರದಿದ್ರ?" ಎಂದು ಒಬ್ಬಾಕೆ ಸೆರಗು ಬಿಗಿದಳು. ಮತ್ತೊಬ್ಬಾಕೆ ನನ್ನನ್ನು ಗೋಡೆಯ ಮರೆಗೆ ಕರೆದು, "ನಮ್ಮ ಎರಡನೇ ಅಳಿಯನ್ನ ಕಳೀಲಿಕ್ಕೆ ಬರ್ತೈತೇನ್ರಿ? ಒಬ್ಬನ ಸಾಕು," ಎಂದು ಪಿಸುಗುಟ್ಟಿದಳು. ಆ ಎರಡನೆಯ ಅಳಿಯ ಅದಾಗಲೇ ಹಾಸಿಗೆ ಸುತ್ತಿಕೊಂಡು ಸಾಲಿನಲ್ಲಿ ನಿಂತಿದ್ದ. ಅವನ ಹಿಂದೆ ಇನ್ನೂ ಏಳು ಅಳಿಯಂದಿರಿದ್ದರು.

ನೀಲಗಂಗವ್ವ ಅಕ್ಕೋರು ಕಟ್ಟೆ ಹತ್ತಿ ಒಂದು ಸಲ ಕೆಮ್ಮಿದರು. ಅವರ ಬಳಿ ಓದದವರು ಆ ಗುಂಪಿನಲ್ಲಿ ನಾನು, ಕಾಶೀಮಸಾಬರು ಮತ್ತು ಅಳಿಯಂದಿರಷ್ಟೇ. ಎಲ್ಲರೂ ಸುಮ್ಮನಾದರು.

"ಕಲಿತದ್ದನ್ನ ಮರಸಾಕ ಬರಂಗಿಲ್ಲ. ಹುಡುಗರ ಕೈಯಾಗಿನ ಕಡ್ಡಿ ಮೊದಲೂ ನೀವು ಮುಟ್ಟಿಲ್ಲ, ಈಗೂ ಮುಟ್ಟಬ್ಯಾಡ್ರಿ. ಹುಡುಗ್ರಾ, ಒಂದ ಮಾತು. ಹೋಗ್ತೀನಿ ಅಂತ ತಾವ ಬಂದು ಕೇಳಿದವರನ್ನಷ್ಟ ಕಳೀಬೇಕು. ಅವ್ರನ್ನ ಕಳೀರಿ, ಇವ್ರನ್ನ ಕಳೀರಿ ಅಂತ ಯಾರರೆ ಬಂದ್ರ ನನ್ನ ಹತ್ತರ ಕಳಸ್ರಿ." ನಂತರ ಅಳಿಯಂದಿರ ಸಾಲನ್ನು ನೋಡಿ, "ನೀವು ಮೊದಲ ಹೆಂಡರನ್ನ ಕೇಳಿ ಬರ್ರಿ," ಎಂದರು. ಸಾಲು ತಾನಾಗಿ ಕರಗಿತು.

ನಾನು ಮುಂದೆ ಬಂದು, ಕೈಮುಗಿದು, ದ್ಯಾಮವ್ವನಿಗೆ ನನ್ನ ಅಹವಾಲು ಸಲ್ಲಿಸಿದೆ: ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಸಂಜೆ ಒಂದು ಕಳೆಯಬೇಕು. ಆಕೆ ಸುಣ್ಣದ ಕಡ್ಡಿಯನ್ನು ಬೆನ್ನ ಹಿಂದಕ್ಕೆ ಹಿಡಿದಳು. ಮರುದಿನ ಹೊರಟೆ. ಅದರ ಮರುದಿನ, ಚಹಾದ ಹೊತ್ತಿಗೆ, ಕಾಶೀಮಸಾಬರು ಸಕ್ಕರೆ ಜಾಸ್ತಿ ಹಾಕಿದ ಲೋಟವನ್ನು ನನ್ನ ಮುಂದಿಟ್ಟರು. ಹಲಗೆಯ ಮೇಲೆ ೪೮೧೬ ಹಾಗೆಯೇ ಇತ್ತು.

ತರಗತಿಗೆ ಹೋಗಿ ಕೇಳಿದೆ: "ದ್ಯಾಮವ್ವ, ನಾಲ್ಕು ಸಾವಿರದ ಎಂಟುನೂರ ಹದಿನಾರರಲ್ಲಿ ಒಂದು ಹೋದರೆ?"

"ಹದಿನೈದು," ಎಂದಳು, ನನ್ನ ಮುಖ ನೋಡದೆ.

"ಮತ್ತೆ ಏಕೆ ತಪ್ಪು ಬರೆದೆ?"

"ತಪ್ಪ ಬರದಿಲ್ರಿ. ಅಡಗಿಯಾಂವ ಬೇಕಾಗಿದ್ದಿಲ್ಲ, ಅದಕ್ಕ ವರಸಿದೆ." ಆಕೆ ಪಾಟಿಯ ಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. "ನೀವು ಬೇಕಲ್ರಿ."

ನನ್ನ ಅಗ್ಗದ ಕಾದಂಬರಿಗಳಲ್ಲಿ ನಾಯಕನಿಗೆ ಇಂತಹ ಸಂದರ್ಭದಲ್ಲಿ ಒಂದೂವರೆ ಪುಟದ ಭಾಷಣ ಬರುತ್ತದೆ. ನಾನು ಆಗಲೇ ಸ್ವಚ್ಛವಾಗಿದ್ದ ಕರಿಹಲಗೆಯನ್ನು ಮತ್ತೊಮ್ಮೆ ಒರೆಸಿದೆ. ನಾನು ಕಲಿಸಿದ ಏಕೈಕ ಪಾಠವನ್ನು ಆಕೆ ನನಗಿಂತ ಚೆನ್ನಾಗಿ ಕಲಿತಿದ್ದಳು. ಹಿಂದಿನ ಬೆಂಚಿನಿಂದ ಗುರುಪಾದನೇ ನನ್ನ ನೆರವಿಗೆ ಬಂದ, ತನಗೇ ತಿಳಿಯದಂತೆ.

"ಸರ್, ಆ ಹನ್ನೆರಡನೇದು ಎಲ್ಲೈತಿ ಈಗ?"

"ಯಾವುದೋ ಊರಿನಲ್ಲಿ, ಯಾರದೋ ಶೇಂಗಾ ಪೊಟ್ಟಣವಾಗಿ."

"ಯಾರರೆ ಹೋಗಿ ತರಬೇಕಲ್ರಿ. ಒಂದ ದಿನದಾಗ ಸಿಗತೈತಿ?"

"ಒಂದು ದಿನದಲ್ಲಿ ಸಿಗದು. ಬಹಳ ಊರುಗಳನ್ನು ಹುಡುಕಬೇಕು. ಬೆಳಗಿನ ಚಹಾದ ಹೊತ್ತಿಗೆ ಇಲ್ಲಿಗೆ ಮರಳಬೇಕಾದವನಿಂದ ಆಗದ ಕೆಲಸ."

ಇಡೀ ತರಗತಿ ನಿಧಾನವಾಗಿ ದ್ಯಾಮವ್ವನತ್ತ ತಿರುಗಿತು. ಆಕೆ ಪಾಟಿಯ ಕಟ್ಟು ಕೆರೆಯುವುದನ್ನು ನಿಲ್ಲಿಸಿದಳು. ಆಮೇಲೆ, "ಪುಸ್ತಕ ಇಲ್ಲೇ ಬಿಟ್ಟ ಹೋಗ್ರಿ," ಎಂದಳು. "ಡಾಕ್ಟರೋ ಅತ್ತಿಯೋ, ಸಿಕ್ಕ ದಿನಾನ ಬಂದ ಹೇಳಬೇಕು."

ಅಂದು ಸಂಜೆ ಚೀಲ ಕಟ್ಟಿದೆ. ಐದು ಕಾದಂಬರಿಗಳಲ್ಲಿ ಒಂದನ್ನು ನೀಲಗಂಗವ್ವ ಅಕ್ಕೋರಿಗೆ ಒಪ್ಪಿಸಿ ನಾಲ್ಕನ್ನು ತುಂಬಿಕೊಂಡೆ. ಅವರು ಪುಸ್ತಕದ ರಟ್ಟಿನ ಮೇಲಿನ ಪಿಸ್ತೂಲಿನ ಚಿತ್ರವನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದನ್ನ ಓದಿ ಕಲ್ತೀರೇನ್ರಿ ನೀವು?" ಎಂದು ಕೊನೆಗೂ ಕೇಳಿದರು. ಹೌದೆಂದೆ. "ಅತ್ತೀನ ಕದ್ದಿರಬೇಕು," ಎಂದು ಪಿಸುದನಿಯಲ್ಲಿ ಹೇಳಿ ಒಳಗೆ ಹೋದರು. ಕಿಟಕಿಯ ಬಳಿ ನಿಂತು ಅವರು ಕೇಳುತ್ತಿದ್ದುದು ಬರೀ ಗಣಿತವನ್ನಲ್ಲವೆಂದು ಆಗ ತಿಳಿಯಿತು.

ದೀಪ ಹಚ್ಚುವ ಹೊತ್ತಿಗೆ, ಅಂದು ತಡವಾಗಿ ಬಂದಿದ್ದ ಸಂಜೆಯ ಬಸ್ಸು ಅಗಸಿಯ ಹೊರಗೆ ಗುರುಗುಟ್ಟುತ್ತ ನಿಂತಿತ್ತು. ಕಾಶೀಮಸಾಬರು ನನ್ನ ಲೋಟವನ್ನು ತೊಳೆದು ಬೇರೆ ಲೋಟಗಳೊಂದಿಗೆ ಬೋರಲು ಹಾಕಿದರು. ದ್ಯಾಮವ್ವ ಕಟ್ಟೆ ಹತ್ತಿದಳು. ಎಡಗೈಯ ಐದು ಬೆರಳುಗಳನ್ನೂ ಬಿಡಿಸಿ ನೋಡಿಕೊಂಡು, ಕಿರುಬೆರಳನ್ನು ಮಡಚಿದಳು. ಬಲಗೈಯಿಂದ ಹಲಗೆಯನ್ನು ಒರೆಸಿ, ೪೮೧೫ ಎಂದು ಬರೆದಳು. ಈ ಬಾರಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದಿರುಗಿ ನೋಡಿದಾಗ ಆಕೆಯ ಕಿರುಬೆರಳು ಇನ್ನೂ ಮಡಚಿಯೇ ಇತ್ತು.

"ಲೆಕ್ಕ ಮುಗಿಯಿತಲ್ಲ, ಬೆರಳು ಬಿಡಿಸು," ಎಂದೆ.

"ಇದು ನಿಮ್ಮದ್ರಿ," ಎಂದಳು ದ್ಯಾಮವ್ವ. "ಇರಲಿ."

ಮರುದಿನ ಬೆಳಗಿನ ಚಹಾವನ್ನು ನಾನು ಬೇರೆಯದೇ ಊರಿನಲ್ಲಿ ಕುಡಿದೆ. ಸಕ್ಕರೆ ಕಡಿಮೆಯಿತ್ತು. ಅಂಗಡಿಯ ಎದುರಿಗೇ ಶೇಂಗಾದ ಗಾಡಿಯೊಂದು ನಿಂತಿತ್ತು. ಎರಡು ಪೊಟ್ಟಣ ಕೊಂಡು, ಶೇಂಗಾವನ್ನು ಜೇಬಿಗೆ ಸುರಿದುಕೊಂಡು, ಕಾಗದಗಳನ್ನು ಮಂಡಿಯ ಮೇಲೆ ನೀವಿ ಬಿಡಿಸಿ ಓದಿದೆ. ಒಂದು ಯಾರದೋ ಲಗ್ನಪತ್ರಿಕೆ. ಇನ್ನೊಂದು ಮಗ್ಗಿ. ಚೀಲವನ್ನು ಹೆಗಲಿಗೇರಿಸಿ ಮುಂದಿನ ಊರಿನ ದಾರಿ ಹಿಡಿದೆ.